ಪದರ ಬಿಟ್ಟ ಕುರ್ಚಿ

ಪದರ ಬಿಟ್ಟ ಹಳೆಯ ಕುರ್ಚಿಯೊಂದನ್ನು ದುರಸ್ತಿಗೆ ತಂದಾಗ, ಬಲ್ಲ ಬಡಗಿಯು ಮರಕ್ಕಿಂತ ಮೊದಲು ಅಂಟನ್ನು ಪರೀಕ್ಷಿಸುತ್ತಾನೆ. ಹೀಗೇಕೆಂದು ತಿಳಿಯಬೇಕಾದರೆ ನಾವು ಜರ್ಮನಿಯ ರೈನ್ ನದಿಯ ದಂಡೆಯಲ್ಲಿರುವ ಬೊಪಾರ್ಡ್ ಎಂಬ ಊರಿಗೆ ಹೋಗಬೇಕು.

1796ರಲ್ಲಿ ಅಲ್ಲಿ ಜನಿಸಿದ ಮಿಖಾಯೆಲ್ ಟೋನೆಟ್ ವೃತ್ತಿಯಿಂದ ಬಡಗಿ. ಬಾಗಿದ ಕಾಲನ್ನು ದಿಮ್ಮಿಯಿಂದ ಕೊರೆದರೆ ಮರವೂ ವ್ಯರ್ಥ. ಮರದ ಎಳೆ ನಡುವೆ ಕಡಿದುಹೋಗುವುದರಿಂದ ಬಲವೂ ಕುಂದುತ್ತದೆ. ಆದುದರಿಂದ ಆತನು 1830ರ ಸುಮಾರಿಗೆ ಮರದ ತೆಳು ಪಟ್ಟಿಗಳನ್ನು ಬಿಸಿ ಅಂಟಿನಲ್ಲಿ ಬೇಯಿಸಿ, ಒಂದರ ಮೇಲೊಂದಿರಿಸಿ, ಅಚ್ಚಿನಲ್ಲಿ ಬಾಗಿಸಿ ಒಣಗಿಸತೊಡಗಿದನು. ಆಸ್ಟ್ರಿಯದ ಮಂತ್ರಿ ಮೆಟರ್ನಿಖ್ ಈ ಕೆಲಸವನ್ನು ಮೆಚ್ಚಿ ಆಹ್ವಾನಿಸಿದುದರಿಂದ 1842ರಲ್ಲಿ ಟೋನೆಟ್ ವಿಯೆನ್ನಾ ಸೇರಿದನು.

ಆ ಅಂಟು ಪ್ರಾಣಿಗಳ ತೊಗಲು ಮೂಳೆಗಳನ್ನು ಕುದಿಸಿ ತೆಗೆದದ್ದು. ನಮ್ಮ ಬಡಗಿಗಳು ಮರವಜ್ರವೆಂದು ಕರೆಯುವ ಜಾತಿಯದು. ಒಣಗಿದಾಗ ಅದರ ಹಿಡಿತ ಬಲು ಗಟ್ಟಿ. ಆದರೆ ಶಾಖ ಮತ್ತು ತೇವ ಒಟ್ಟುಗೂಡಿದರೆ ಮೆತ್ತಗಾಗಿಬಿಡುತ್ತದೆ. ಕಡಲು ದಾಟಿ ಸೆಖೆಯ ನಾಡುಗಳಿಗೆ ಹೋದ ಪೀಠೋಪಕರಣಗಳ ಪದರಗಳು ಬಿಟ್ಟುಕೊಂಡವು. ಕೊನೆಗೆ ಟೋನೆಟ್ ಪದರಗಳ ಹಂಗನ್ನೇ ತೊರೆದು, ಬೀಚ್ ಮರದ ಅಖಂಡ ಕೋಲನ್ನು ಹಬೆಯಲ್ಲಿ ಬೇಯಿಸಿ, ಹೊರಮೈ ಸೀಳದಂತೆ ಕಬ್ಬಿಣದ ಪಟ್ಟಿ ಬಿಗಿದು ಬಾಗಿಸಿದನು. 1856ರಲ್ಲಿ ಈ ವಿಧಾನಕ್ಕೆ ರಾಜಮಾನ್ಯ ಹಕ್ಕು ದೊರೆಯಿತು. 1859ರ ಹದಿನಾಲ್ಕನೆಯ ಸಂಖ್ಯೆಯ ಕುರ್ಚಿ ಲೋಕಪ್ರಸಿದ್ಧವಾಯಿತು.

ಹಾಗಾದರೆ ಪದರದ ಕುರ್ಚಿ ಸೋತಿತೇ? ದುರಸ್ತಿ ಮಾಡುವವನನ್ನು ಕೇಳಿ ನೋಡಿ. ಬಿರುಕಿಗೆ ಬಿಸಿನೀರು ಸೋಕಿಸಿದರೆ ಹಳೆಯ ಅಂಟು ಕರಗುತ್ತದೆ. ತೆಳು ಅಲಗಿನಿಂದ ಅದನ್ನು ತೆಗೆದು, ಹೊಸ ಬಿಸಿ ಅಂಟು ತುಂಬಿ, ಕುರ್ಚಿಯ ಬಾಗಿಗೆ ಹೊಂದುವ ಮರದ ಅಚ್ಚನ್ನಿಟ್ಟು ಬಿಗಿದು, ಒಂದು ದಿನ ಹಾಗೆಯೇ ಬಿಡುತ್ತಾನೆ. ಪದರ ಮುರಿದು ಹೋಗಿದ್ದರೆ ಅದೇ ಜಾತಿಯ ಮರದ ತುಂಡನ್ನು ಎಳೆಗೆ ಎಳೆ ಕೂಡುವಂತೆ ಓರೆಯಾಗಿ ಬೆಸೆಯುತ್ತಾನೆ. ಇಪ್ಪತ್ತನೆಯ ಶತಮಾನದ ಕೃತಕ ರಾಳದ ಅಂಟುಗಳಲ್ಲಿ ಹಲವು ನೀರಿಗೆ ಜಗ್ಗುವುದಿಲ್ಲ, ನಿಜ. ಆದರೆ ಅವುಗಳಿಂದ ಕೂಡಿಸಿದ್ದನ್ನು ಮುಂದೊಮ್ಮೆ ಬಿಡಿಸಹೊರಟರೆ ಅಂಟಿಗೆ ಮೊದಲು ಮರವೇ ಹರಿಯುತ್ತದೆ.

ಆದುದರಿಂದಲೇ ವಿವೇಕಿಯಾದ ಕುಶಲಕರ್ಮಿಯು ಇಂತಹ ಹಳೆಯ ಕುರ್ಚಿಗೆ ಇಂದಿಗೂ ಆ ಹಳೆಯ ಅಂಟನ್ನೇ ಹಚ್ಚುತ್ತಾನೆ. ತನ್ನ ಕೆಲಸವೂ ಒಂದು ದಿನ ಸಡಿಲವಾದೀತೆಂದು ಆತ ಬಲ್ಲ. ಅಂದು ಅದನ್ನು ಬಿಚ್ಚಿ ಸರಿಪಡಿಸುವ ಕೈಗೆ ದಾರಿ ಮುಚ್ಚಬಾರದೆಂಬುದು ಆತನ ಎಣಿಕೆ.