‘ರಾಕ್‌ಮನ್’ ಆಟದ ಉತ್ತರಭಾಗ

ಒಂದು ಕೃತಿಯು ಜನರ ಮನ್ನಣೆಯನ್ನು ಪಡೆದ ಬಳಿಕ ಅದಕ್ಕೊಂದು ಉತ್ತರಭಾಗವನ್ನು ರಚಿಸುವುದು ಎಲ್ಲ ಕಾಲಗಳಲ್ಲಿಯೂ ನಡೆದು ಬಂದಿರುವ ವಾಡಿಕೆಯಷ್ಟೆ. ಆದರೆ ಪೂರ್ವಭಾಗಕ್ಕೆ ಸಮನಾದ ಉತ್ತರಭಾಗವೇ ವಿರಳ. ಅದನ್ನು ಮೀರಿಸಿದುದಂತೂ ಮತ್ತೂ ವಿರಳ. ೧೯೮೮ನೆಯ ಇಸವಿಯ ಡಿಸೆಂಬರ್ ೨೪ರಂದು ಜಪಾನಿನಲ್ಲಿ ಪ್ರಕಟವಾದ ‘ರಾಕ್‌ಮನ್ ೨’ ಎಂಬ ವೀಡಿಯೊ ಆಟವು ಈ ವಿರಳಪಂಕ್ತಿಗೆ ಸೇರಿದುದು. ಅನ್ಯದೇಶಗಳಲ್ಲಿ ಇದಕ್ಕೆ ‘ಮೆಗಾ ಮ್ಯಾನ್ ೨’ ಎಂದು ಹೆಸರು. ಅದರ ಮೇಲ್ಮೆಗೆ ಮುಖ್ಯ ಕಾರಣವು ವೈಭವವಲ್ಲ. ಆಡುವವನ ಶ್ರಮವನ್ನು ಕುರಿತು ಅದರ ಕರ್ತೃಗಳು ತಾಳಿದ ಕನಿಕರವೇ ಆಗಿದೆ.

ಕ್ಯೋಟೋ ನಗರದ ನಿಂಟೆಂಡೊ ಕಂಪೆನಿಯವರು ೧೯೮೩ರಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಯಂತ್ರವನ್ನು ಹೊರತಂದರು. ಅದನ್ನು ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡಬಹುದಾಗಿತ್ತು. ಈ ಯಂತ್ರಕ್ಕಾಗಿ ಓಸಾಕಾ ನಗರದ ಕ್ಯಾಪ್‌ಕಾಮ್ ಕಂಪೆನಿಯವರು ೧೯೮೭ರ ಡಿಸೆಂಬರಿನಲ್ಲಿ ‘ರಾಕ್‌ಮನ್’ ಆಟವನ್ನು ಪ್ರಕಟಿಸಿದರು. ಅದರ ನಾಯಕನು ಒಬ್ಬ ಯಂತ್ರಬಾಲಕ. ಅವನು ಒಂದು ಜಗಲಿಯಿಂದ ಇನ್ನೊಂದಕ್ಕೆ ಜಿಗಿಯುತ್ತ, ಗುಂಡು ಹಾರಿಸುತ್ತ, ಆರು ಮಂದಿ ಯಂತ್ರವೀರರನ್ನು ಗೆಲ್ಲಬೇಕು. ಯಾರನ್ನು ಮೊದಲು ಎದುರಿಸಬೇಕೆಂಬುದು ಆಡುವವನ ಇಚ್ಛೆ. ಸೋತವನ ಆಯುಧವು ಗೆದ್ದವನ ಕೈಸೇರುತ್ತದೆ. ಅದು ಮತ್ತೊಬ್ಬನಿಗೆ ಮಾರಕವಾಗುತ್ತದೆ. ಕಲ್ಪನೆಯು ಸೊಗಸಾದುದೇ ಸರಿ. ಆದರೆ ಆಟವು ಬಹು ಕಠಿಣವಾಗಿತ್ತು. ಸಾಲದುದಕ್ಕೆ, ಅರ್ಧದಲ್ಲಿ ನಿಲ್ಲಿಸಿ ಮರುದಿನ ಮುಂದುವರಿಸುವ ಉಪಾಯವೇ ಅದರಲ್ಲಿರಲಿಲ್ಲ. ಯಂತ್ರವನ್ನು ಆರಿಸಿದೊಡನೆ ಪಟ್ಟ ಶ್ರಮವೆಲ್ಲವೂ ನೀರಿನಲ್ಲಿ ಹೋಮಮಾಡಿದಂತಾಗುತ್ತಿತ್ತು.

ಮೊದಲ ಆಟವು ನಿರೀಕ್ಷೆಗಿಂತ ಹೆಚ್ಚಾಗಿ ಮಾರಾಟವಾಯಿತಾದರೂ ಎರಡನೆಯದನ್ನು ಮಾಡಲೇಬೇಕೆಂಬ ಉತ್ಸಾಹವು ಕಂಪೆನಿಗೆ ಇರಲಿಲ್ಲ. ನಿರ್ದೇಶಕ ಅಕಿರಾ ಕಿತಾಮುರನೂ ಅವನ ಸಂಗಡಿಗರೂ ಬಿಡದೆ ಕೇಳಿದುದರಿಂದ, ಒಪ್ಪಿಸಿದ ಬೇರೆ ಕೆಲಸಗಳಿಗೆ ಕುಂದು ಬಾರದಂತೆ ಮಾಡುವುದಾದರೆ ಆಗಬಹುದೆಂಬ ಅನುಮತಿ ದೊರೆಯಿತು. ಬೆರಳೆಣಿಕೆಯ ಆ ತರುಣರು ತಮ್ಮ ಬಿಡುವನ್ನೂ ನಿದ್ರೆಯನ್ನೂ ತೆತ್ತು ಕೆಲವೇ ತಿಂಗಳುಗಳಲ್ಲಿ ಕೆಲಸವನ್ನು ಮುಗಿಸಿದರು. ಮೊದಲ ಆಟದಲ್ಲಿ ಸ್ಥಳವು ಸಾಲದೆ ಕೈಬಿಟ್ಟಿದ್ದ ಕೆಲವು ಅಂಶಗಳಿಗೆ ಇದರಲ್ಲಿ ಎಡೆಯಾಯಿತು.

ಯಂತ್ರವೀರರು ಆರಕ್ಕೆ ಬದಲಾಗಿ ಎಂಟು ಮಂದಿಯಾದರು. ಇವರ ರೂಪಗಳಿಗೆ ಆಟದ ಅಭಿಮಾನಿಗಳು ಬರೆದು ಕಳುಹಿಸಿದ ಚಿತ್ರಗಳೇ ಆಧಾರ. ಆಯುಧಗಳ ಸರಣಿಯಂತೂ ಮನಸ್ಸಿಗೆ ತಾನೇ ಹೊಳೆಯುವಂತಿದೆ: ನೀರಿನ ಬಬಲ್ ಮ್ಯಾನನ ಆಯುಧವು ಬೆಂಕಿಯ ಹೀಟ್ ಮ್ಯಾನನನ್ನು ಕೊಲ್ಲುತ್ತದೆ, ಬೆಂಕಿಯು ಮರದ ವುಡ್ ಮ್ಯಾನನನ್ನು ಸುಡುತ್ತದೆ, ಮರದ ಎಲೆಗಳು ಗಾಳಿಯ ಏರ್ ಮ್ಯಾನನನ್ನು ಸೋಲಿಸುತ್ತವೆ. ಅಂಕಗಳನ್ನು ಗಳಿಸುವ ಹಳೆಯ ಪದ್ಧತಿಯನ್ನು ನಿಷ್ಪ್ರಯೋಜಕವೆಂದು ತೆಗೆದುಹಾಕಲಾಯಿತು. ಬರಿದಾದ ಪ್ರಾಣಶಕ್ತಿಯನ್ನು ಬೇಕಾದಾಗ ತುಂಬಿಕೊಳ್ಳುವ ‘ಇ ಟ್ಯಾಂಕ್’ ಎಂಬ ಡಬ್ಬಿಯನ್ನು ಹೊಸದಾಗಿ ಇರಿಸಲಾಯಿತು. ೧೯೮೯ರಲ್ಲಿ ಅಮೆರಿಕದಲ್ಲಿ ಪ್ರಕಟವಾದಾಗ, ಪಳಗದವರಿಗಾಗಿ ಸುಲಭವಾದೊಂದು ಕ್ರಮವನ್ನೂ ಸೇರಿಸಿದರು.

ಎಲ್ಲಕ್ಕಿಂತ ಹೆಚ್ಚಿನ ಉಪಕಾರವೆಂದರೆ ಸಂಕೇತದ ಏರ್ಪಾಡು. ಐದು ಸಾಲು, ಐದು ಕಂಬಗಳ ಮನೆಗಳಲ್ಲಿ ಒಂಬತ್ತು ಚುಕ್ಕೆಗಳು ತೋರುತ್ತವೆ. ಮೇಲಿನ ಸಾಲಿನ ಒಂದು ಚುಕ್ಕೆಯು ಉಳಿದಿರುವ ಡಬ್ಬಿಗಳ ಲೆಕ್ಕ. ಮಿಕ್ಕ ಎಂಟು, ಎಂಟು ವೀರರಲ್ಲಿ ಯಾರು ಸೋತರು, ಯಾರು ಸೋತಿಲ್ಲವೆಂಬುದರ ಗುರುತು. ಯಂತ್ರವು ಏನನ್ನೂ ನೆನಪಿಡಬೇಕಾಗಿಲ್ಲ. ಚುಕ್ಕೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡರಾಯಿತು. ಪಾಠಶಾಲೆಗೆ ಹೋಗಬೇಕಾದ ಹುಡುಗನೂ ದಿನಕ್ಕೆ ಅರ್ಧ ಗಂಟೆಯಂತೆ ಆಡಿ ಆಟವನ್ನು ಮುಗಿಸಬಹುದಾಯಿತು.

ಹಾಗೆಂದು ಈ ಆಟವು ನಿರ್ದೋಷವೆಂದು ಹೇಳುವಂತಿಲ್ಲ. ಕೊನೆಯ ಕೋಟೆಯ ಒಂದು ಘಟ್ಟದಲ್ಲಿ ಒಂದೇ ಆಯುಧವು ನಾಟುತ್ತದೆ. ಅದನ್ನು ಲೆಕ್ಕವಿಡದೆ ಬಳಸಿದವನಿಗೆ ಸೋಲದೆ ಗತ್ಯಂತರವಿಲ್ಲ. ಲೋಹದ ಚಕ್ರಾಯುಧವೊಂದು ಮಿಕ್ಕವುಗಳನ್ನು ಮಂಕುಮಾಡುವಷ್ಟು ಪ್ರಬಲವಾಗಿದೆ. ಆದರೂ ತಕಾಶಿ ತಾತೆಇಶಿಯ ಸಂಗೀತದ ಇಂಪು ಈ ಕೊರತೆಗಳನ್ನು ಮರೆಸುತ್ತದೆ.

ಈ ಆಟದ ೧೫ ಲಕ್ಷಕ್ಕೂ ಮೀರಿದ ಪ್ರತಿಗಳು ಮಾರಾಟವಾದವು. ಆದರೆ ಅದರ ಕೊನೆಯಲ್ಲಿ ಕರ್ತೃಗಳ ನಿಜನಾಮಗಳು ಕಾಣುವುದಿಲ್ಲ; ಆ ಕಾಲದ ರೂಢಿಯಂತೆ ಅಂಕಿತನಾಮಗಳು ಮಾತ್ರ ಇವೆ. ಕಿತಾಮುರನು ‘ಎ. ಕೆ.’ ಎಂಬ ಎರಡಕ್ಷರಗಳಲ್ಲಿ ಅಡಗಿದನು. ಚಿತ್ರಕಾರ ಕೇಜಿ ಇನಾಫುನೆಯೇ ರಾಕ್‌ಮನ್ನನ ಜನಕನೆಂದು ಲೋಕವು ಬಹುಕಾಲ ನಂಬಿತು. ನಾಯಕನ ಮೂಲರೂಪವು ತಾನು ಬರುವ ಮೊದಲೇ ಸಿದ್ಧವಾಗಿತ್ತೆಂದು ಇನಾಫುನೆಯೇ ಹೇಳಬೇಕಾಯಿತು. ಇಪ್ಪತ್ತು ವರ್ಷಗಳ ತರುವಾಯ, ೨೦೦೮ರಲ್ಲಿ, ಒಂಬತ್ತನೆಯ ಭಾಗವನ್ನು ರಚಿಸುವಾಗ ಕ್ಯಾಪ್‌ಕಾಮಿನವರು ನೂತನ ಚಿತ್ರವೈಭವವನ್ನು ಬದಿಗಿಟ್ಟು ಈ ಎರಡನೆಯ ಭಾಗವನ್ನೇ ಮಾದರಿಯಾಗಿ ಹಿಡಿದರು. ಬಿಡುವಿನ ವೇಳೆಯಲ್ಲಿ, ಹೆಸರಿನ ಹಂಬಲವಿಲ್ಲದೆ ದುಡಿದವರ ಕೃತಿಗೆ ಇದಕ್ಕಿಂತ ಮಿಗಿಲಾದ ಮರ್ಯಾದೆ ಬೇರೊಂದು ಇರಲಾರದು.