ವಯಸ್ಸಿನ ಲೆಕ್ಕ ಯಾವ ಊರಿನದು?

ಕನ್ನಡ ಮೇಷ್ಟ್ರಿಗೆ ವಿಸ್ಕಿಯ ಉಸಾಬರಿ ಯಾಕೆ ಅನ್ನಬೇಡಿ. ನಾನು ಕುಡಿಯುವವನಲ್ಲ. ಕುಡಿತದಿಂದ ಹಾಳಾದ ಮನೆಗಳ ಮಕ್ಕಳಿಗೂ ಪಾಠ ಹೇಳುವವನು, ಹಾಗಾಗಿ ಹೊಗಳಲು ಬರೆಯುತ್ತಿಲ್ಲ. ಆದರೆ ನಮ್ಮ ರಾಯದುರ್ಗ, ಮಡಕಶಿರದ ಕಡೆ ಮದುವೆಗೆ ಬಂದ ನೆಂಟರು "ಇದು 12 ವರ್ಷದ್ದು, ಅದು 18 ವರ್ಷದ್ದು" ಎಂದು ಬೀಗುವಾಗ ಈ ಲೆಕ್ಕ ಎಲ್ಲಿಂದ ಬಂತು ಅನ್ನಿಸುತ್ತದೆ.

ಒಂದೇ ಭಟ್ಟಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ತೆಗೆದದ್ದು ಸಿಂಗಲ್ ಮಾಲ್ಟ್. ಮೊದಲ ಮಹಾಯುದ್ಧದ ಕಾಲದಲ್ಲಿ ಕುಡಿತಕ್ಕೆ ಕಡಿವಾಣ ಹಾಕಲು ಬ್ರಿಟನ್ 1915ರಲ್ಲಿ ಕಾನೂನು ಮಾಡಿತು. ಮೊದಲು 2 ವರ್ಷ, ಮರುವರ್ಷದಿಂದ 3 ವರ್ಷ ಪೀಪಾಯಿಯಲ್ಲಿ ಇಡಲೇಬೇಕಾಯಿತು. ಬಾಟಲಿಯ ಮೇಲಿನ ಅಂಕಿ ಅದರಲ್ಲಿ ಬೆರೆತಿರುವ ಅತಿ ಎಳೆಯ ವಿಸ್ಕಿಯ ವಯಸ್ಸು. ಎಳೆಯದರಲ್ಲಿ ಧಾನ್ಯದ ಘಾಟು ಮುಂದು, ಹಳೆಯದರಲ್ಲಿ ಓಕ್ ಮರದ, ಒಣಹಣ್ಣಿನ ವಾಸನೆ ಮುಂದು ಎನ್ನುತ್ತಾರೆ ಬಲ್ಲವರು.

ಆದರೆ ಪೀಪಾಯಿಯಿಂದ ಸಾರ ಆವಿಯಾಗುತ್ತಿರುತ್ತದೆ. ಇದನ್ನು ಸ್ಕಾಟ್ಲೆಂಡಿನವರು 'ದೇವತೆಗಳ ಪಾಲು' ಅನ್ನುತ್ತಾರೆ. ಅಲ್ಲಿ ಅದು ವರ್ಷಕ್ಕೆ ಶೇ. 2ರಷ್ಟು, ಬೆಂಗಳೂರಿನಲ್ಲಿ ಶೇ. 10ರಿಂದ 12. ಲೆಕ್ಕ ಹಾಕಿ ನೋಡಿ. 100 ಲೀಟರ್ ಇಟ್ಟರೆ 12 ವರ್ಷದ ನಂತರ ಅಲ್ಲಿ ಸುಮಾರು 78 ಲೀಟರ್ ಉಳಿಯುತ್ತದೆ. ಇಲ್ಲಿ ಶೇ. 10 ಹಿಡಿದರೂ 28 ಲೀಟರ್! ಬಿಸಿಲಿಗೆ ಮರದ ಬಣ್ಣ, ವಾಸನೆ ಬೇಗ ಇಳಿಯುತ್ತದೆ. ಹೆಚ್ಚು ಕಾಲ ಬಿಟ್ಟರೆ ಮರದ ಒಗರೇ ಮೇಲಾಗುತ್ತದೆ.

1948ರಲ್ಲಿ ರಾಧಾಕೃಷ್ಣ ಜಗದಾಳೆ ಬೆಂಗಳೂರಿನಲ್ಲಿ ಅಮೃತ್ ಡಿಸ್ಟಿಲರೀಸ್ ಕಟ್ಟಿದರು. ಮಗ ನೀಲಕಂಠ ಜಗದಾಳೆ ಅವರ ಕಾಲದಲ್ಲಿ, 2004ರ ಆಗಸ್ಟಿನಲ್ಲಿ, ಇಲ್ಲಿನ ಸಿಂಗಲ್ ಮಾಲ್ಟ್ ಗ್ಲಾಸ್ಗೋದಲ್ಲೇ ಬಿಡುಗಡೆಯಾಯಿತು. ಕೊಲ್ಲನ ಬೀದಿಯಲ್ಲಿ ಸೂಜಿ ಮಾರಿದಂತೆ! ವಯಸ್ಸಿನ ಅಂಕಿಯೇ ಇಲ್ಲದ ಅವರ 'ಫ್ಯೂಷನ್' ವಿಸ್ಕಿಗೆ ಜಿಮ್ ಮರ್ರೆ ತಮ್ಮ 2010ರ 'ವಿಸ್ಕಿ ಬೈಬಲ್' ಪುಸ್ತಕದಲ್ಲಿ ಜಗತ್ತಿನ ಮೂರನೇ ಸ್ಥಾನ ಕೊಟ್ಟರು. 2013ರಲ್ಲಿ 8 ವರ್ಷದ್ದೊಂದು ಬಂತು. ಅದರ ಹೆಸರು 'ಗ್ರೀಡಿ ಏಂಜಲ್ಸ್', ಅಂದರೆ ದುರಾಸೆಯ ದೇವತೆಗಳು.

ನಮ್ಮಲ್ಲೂ ಹಳೆ ಹುಣಸೆಗೆ ಬೆಲೆಯಿದೆ. ಆದರೆ ಸಂತೆಯಲ್ಲಿ ಯಾರೂ ವರ್ಷ ಎಣಿಸಿ ಕೊಳ್ಳುವುದಿಲ್ಲ. ಬಣ್ಣ ನೋಡಿ, ಚೂರು ನಾಲಿಗೆಗಿಟ್ಟು ಕೊಳ್ಳುತ್ತಾರೆ. ತಣ್ಣನೆಯ ನಾಡಿನ ಅಳತೆಗೋಲು ಹಿಡಿದು ಬಿಸಿಲುನಾಡಿನ ಸರಕನ್ನು 'ಎಳಸು' ಅನ್ನುವುದು ತಪ್ಪು. ಮಕ್ಕಳ ವಿಷಯದಲ್ಲೂ ನಾವು ಮೇಷ್ಟ್ರುಗಳು ಆಗಾಗ ಇದೇ ತಪ್ಪು ಮಾಡುತ್ತೇವೆ.