ಬಿಟ್ ಒಂದೇ, ನಕಲು ಹಲವು: ಕರ್ನಲ್ ತನ್ನ ಗಡಿಯ ಲೆಕ್ಕವಿಟ್ಟ ಬಗೆ

ಪ್ರೊಸೆಸರ್ ಈ ಕ್ಷಣ ಯೂಸರ್ ಮೋಡ್‌ನಲ್ಲಿದೆಯೋ ಕರ್ನಲ್ ಮೋಡ್‌ನಲ್ಲಿದೆಯೋ ಹೇಳಲು ಒಂದು ಬಿಟ್ ಸಾಕು. 1964ರಲ್ಲಿ ಐಬಿಎಂ ಘೋಷಿಸಿದ ಸಿಸ್ಟಮ್/360 ಯಂತ್ರಗಳ ಪ್ರೋಗ್ರಾಮ್ ಸ್ಟೇಟಸ್ ವರ್ಡ್‌ನಲ್ಲಿ ಒಂದು ಬಿಟ್ ಇದಕ್ಕೆಂದೇ ಮೀಸಲಾಗಿತ್ತು. ಅದು 1 ಆಗಿದ್ದರೆ ಓಡುತ್ತಿರುವುದು ಸಾಮಾನ್ಯ ಪ್ರೋಗ್ರಾಮು, 0 ಆಗಿದ್ದರೆ ಸೂಪರ್‌ವೈಸರ್. ಇಂದಿನ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಅದೇ ಮಾಹಿತಿ ಕೋಡ್ ಸೆಗ್ಮೆಂಟ್ ರಿಜಿಸ್ಟರಿನ ಕೊನೆಯ ಎರಡು ಬಿಟ್‌ಗಳಲ್ಲಿ ಸಿಗುತ್ತದೆ. ಇಷ್ಟು ಸರಳವಾದ ಸಂಗತಿಯ ಜಾಡು ಹಿಡಿಯಲು ಲಿನಕ್ಸ್ ಕರ್ನಲ್‌ನಲ್ಲಿ ಒಂದು ಪ್ರತ್ಯೇಕ ಉಪವ್ಯವಸ್ಥೆಯೇ ಏಕೆ ಬೇಕಾಯಿತು, ಅದನ್ನು ಸರಿಪಡಿಸಲು ಹತ್ತು ವರ್ಷಗಳು ಏಕೆ ಹಿಡಿದವು ಎಂಬ ಪ್ರಶ್ನೆ ಸಹಜ. ಆ ಬಿಟ್ ಹೇಳುವುದು ಈ ಕ್ಷಣದ ಸುದ್ದಿಯನ್ನು ಮಾತ್ರ, ಅದೂ ತನ್ನ ಪ್ರೊಸೆಸರ್‌ಗೆ ಮಾತ್ರ. ಕರ್ನಲ್‌ಗೆ ಬೇಕಾದದ್ದು ಬೇರೆ: ಈ ಕೋರಿಕೆ ಎಲ್ಲಿಂದ ಬಂತು, ಅಲ್ಲಿ ಎಷ್ಟು ಹೊತ್ತು ಕಳೆಯಿತು, ಪಕ್ಕದ ಪ್ರೊಸೆಸರ್ ಈಗ ಎಲ್ಲಿದೆ. ಇವುಗಳಿಗೆ ಬಿಟ್‌ನಲ್ಲಿ ಉತ್ತರವಿಲ್ಲ, ಹಾಗಾಗಿ ಕರ್ನಲ್ ಆ ಬಿಟ್‌ನ ನಕಲನ್ನು ಮೆಮೊರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಕಲು ಎಂದಮೇಲೆ ಅದು ಮೂಲಕ್ಕಿಂತ ಒಂದು ಹೆಜ್ಜೆ ಹಿಂದೆಯೋ ಮುಂದೆಯೋ ಇರುವುದು ತಪ್ಪದು. ಈ ಕ್ಷೇತ್ರದ ಅರ್ಧ ಶತಮಾನದ ಬೆಳವಣಿಗೆಯನ್ನು ನಕಲುಗಳನ್ನು ಹೆಚ್ಚು ನಿಖರಗೊಳಿಸಿದ ಕತೆ ಎಂದು ಹೇಳುವ ವಾಡಿಕೆಯಿದೆ. ನನ್ನ ಪ್ರಕಾರ ನಿಜವಾದ ಪ್ರಗತಿ ಆದದ್ದು ಬೇರೆಡೆ: ನಕಲನ್ನು ತಿದ್ದುವ ಜಾಗವನ್ನು ಕಿರಿದುಗೊಳಿಸಿದ್ದರಲ್ಲಿ, ಮತ್ತು ಆ ಕಿರಿದಾದ ಜಾಗದಲ್ಲಿ ಏನು ಮಾಡಬಾರದು ಎಂಬುದನ್ನು ಕಟ್ಟುನಿಟ್ಟು ಮಾಡಿದ್ದರಲ್ಲಿ.

ಮೊದಲು ಬಂದದ್ದು ಸಮಯದ ಲೆಕ್ಕ. ಯೂನಿಕ್ಸ್‌ನ ಆರನೇ ಆವೃತ್ತಿ (1975) ಓಡುತ್ತಿದ್ದ ಪಿಡಿಪಿ-11ರಲ್ಲಿ ಗಡಿಯಾರದ ಇಂಟರಪ್ಟ್ ಸೆಕೆಂಡಿಗೆ 60 ಬಾರಿ ಬರುತ್ತಿತ್ತು. ಅಮೆರಿಕದ ವಿದ್ಯುತ್ ಜಾಲದ ಆವರ್ತನವೇ ಅದರ ಮೂಲ. ಇಂಟರಪ್ಟ್ ಬಂದಾಗ ಉಳಿಸಿಟ್ಟ ಸ್ಟೇಟಸ್ ವರ್ಡ್ ನೋಡಿ, ಅಡ್ಡಿಯಾದದ್ದು ಯೂಸರ್ ಮೋಡ್‌ಗಾದರೆ ಪ್ರೊಸೆಸ್‌ನ ಯೂಸರ್ ಸಮಯಕ್ಕೆ ಒಂದು, ಇಲ್ಲವಾದರೆ ಸಿಸ್ಟಮ್ ಸಮಯಕ್ಕೆ ಒಂದು ಸೇರಿಸುತ್ತಿದ್ದರು. ಎರಡು ಮೋಡ್‌ಗಳ ನಡುವಿನ ಗಡಿ ದಾಟುವ ಹಾದಿಯಲ್ಲಿ ಯಾವ ಹೆಚ್ಚುವರಿ ಕೆಲಸವೂ ಇಲ್ಲ. ಮೇಷ್ಟ್ರು ಗಂಟೆಗೊಮ್ಮೆ ಹಾಜರಿ ಕರೆದ ಹಾಗೆ: ಕರೆದಾಗ ಬೆಂಚಿನಲ್ಲಿದ್ದವನು ಇಡೀ ಗಂಟೆ ಇದ್ದ ಎಂದೇ ಲೆಕ್ಕ. ದೊಡ್ಡ ಸಂಖ್ಯೆಯ ಮಾದರಿಗಳಲ್ಲಿ ಸರಾಸರಿ ಸರಿಯಾಗಿಯೇ ಬರುತ್ತದೆ, ಹಾಜರಿಯ ವೇಳೆಗೂ ಹುಡುಗನ ನಡೆಗೂ ಸಂಬಂಧವಿಲ್ಲದಿದ್ದರೆ. ಆದರೆ ಪ್ರೋಗ್ರಾಮುಗಳು ಟೈಮರ್ ನೋಡಿಕೊಂಡೇ ಏಳುತ್ತವೆ, ಮಲಗುತ್ತವೆ. ಟೈಮರ್ ನಡೆಯುವುದೂ ಗಡಿಯಾರದ ಅದೇ ಇಂಟರಪ್ಟ್‌ನಿಂದ, ಅಂದರೆ ಟಿಕ್‌ನಿಂದ. ಈ ಹೊಂದಾಣಿಕೆ ತರುವ ದೋಷಕ್ಕೆ ಮೆಕ್ಯಾನ್ ಮತ್ತು ಟೊರೆಕ್ 1993ರಲ್ಲಿ ಸೂಚಿಸಿದ ಪರಿಹಾರ, ಮಾದರಿ ತೆಗೆಯುವ ಗಡಿಯಾರವನ್ನು ಬೇರೆ ಮಾಡಿ ಅದರ ವೇಳೆಯನ್ನು ಯಾದೃಚ್ಛಿಕಗೊಳಿಸುವುದು. ಎಲ್ಲರೂ ಹಾಗೆ ಮಾಡಲಿಲ್ಲ. 2007ರಲ್ಲಿ ತ್ಸಾಫ್ರಿರ್, ಎತ್ಸಿಯಾನ್ ಮತ್ತು ಫೈಟಲ್ಸನ್, ಸಾಮಾನ್ಯ ಬಳಕೆದಾರನ ಪ್ರೋಗ್ರಾಮು ಪ್ರತಿ ಟಿಕ್‌ಗೆ ತುಸು ಮೊದಲು ಮಲಗಿ, ಟಿಕ್ ಕಳೆದೊಡನೆ ಎದ್ದು, ಪ್ರೊಸೆಸರ್‌ನ ಬಹುಪಾಲನ್ನು ನುಂಗಿಯೂ ಏನೂ ಬಳಸದಂತೆ ಕಾಣಿಸಿಕೊಳ್ಳಬಲ್ಲದು ಎಂದು ಮಾಡಿ ತೋರಿಸಿದರು. ಅಷ್ಟರಲ್ಲಿ ಸೊಲಾರಿಸ್ 10 ಗಡಿಯಲ್ಲೇ ಸಮಯ ಬರೆದುಕೊಳ್ಳುವ ಮೈಕ್ರೊಸ್ಟೇಟ್ ಲೆಕ್ಕವನ್ನು ಎಲ್ಲ ಪ್ರೊಸೆಸ್‌ಗಳಿಗೂ ಸದಾ ಚಾಲೂ ಇಟ್ಟಿತ್ತು. ಲಿನಕ್ಸ್ ಮಾತ್ರ ಐಬಿಎಂ ಮೇನ್‌ಫ್ರೇಮ್‌ನಂಥ ಕೆಲವು ಯಂತ್ರಗಳನ್ನು ಹೊರತುಪಡಿಸಿ ಹಾಜರಿ ಪದ್ಧತಿಗೇ ಅಂಟಿಕೊಂಡಿತು.

ಎರಡನೆಯ ನಕಲು ಕೋರಿಕೆಯ ಮೂಲದ್ದು, ಮತ್ತು ಇದು ಲೆಕ್ಕಕ್ಕಿಂತ ಅಪಾಯಕಾರಿ. ಸಿಸ್ಟಮ್ ಕಾಲ್‌ನಲ್ಲಿ, ಅಂದರೆ ಕರ್ನಲ್‌ಗೆ ಸಲ್ಲಿಸಿದ ಕೋರಿಕೆಯಲ್ಲಿ, ಬಂದ ವಿಳಾಸವನ್ನು ನಂಬಬೇಕೋ ಪರೀಕ್ಷಿಸಬೇಕೋ ಎಂಬುದು ಕರೆದವರು ಯಾರು ಎಂಬುದರ ಮೇಲೆ ನಿಂತಿದೆ. ಪಿಡಿಪಿ-11/45ರಲ್ಲಿ ಹಿಂದಿನ ಮೋಡ್ ಯಾವುದೆಂದು ತಿಳಿಸುವ ಬಿಟ್‌ಗಳು ಹಾರ್ಡ್‌ವೇರ್‌ನಲ್ಲೇ ಇದ್ದವು. ಆ ಅನುಕೂಲವಿಲ್ಲದ ಯಂತ್ರಗಳಲ್ಲಿ ಅದನ್ನು ತಂತ್ರಾಂಶದಲ್ಲಿ ಬರೆದಿಡಬೇಕಾಯಿತು. ವಿಂಡೋಸ್ ಎನ್‌ಟಿ ಪ್ರತಿ ಥ್ರೆಡ್‌ನ ದಾಖಲೆಯಲ್ಲಿ ಪ್ರೀವಿಯಸ್ ಮೋಡ್ ಎಂಬ ಬೈಟ್ ಇಟ್ಟಿತು. ಲಿನಕ್ಸ್ ವಿಳಾಸದ ಮಿತಿಯೊಂದನ್ನು ಇಟ್ಟು, ಕರ್ನಲ್ ತಾನೇ ಸಿಸ್ಟಮ್ ಕಾಲ್‌ನ ಕೋಡ್ ಬಳಸುವಾಗ ಆ ಮಿತಿಯನ್ನು ಸೆಟ್-ಎಫ್‌ಎಸ್ ಮೂಲಕ ಸಡಿಲಿಸುತ್ತಿತ್ತು. ಕೆಲಸ ಮುಗಿದ ಮೇಲೆ ಮತ್ತೆ ಬಿಗಿಗೊಳಿಸಲು ಮರೆತರೆ? 2010ರಲ್ಲಿ ಬಯಲಾದ ದೋಷ ಅದೇ ಜಾತಿಯದು: ಮಿತಿ ಸಡಿಲವಾಗಿದ್ದಾಗ ಕರ್ನಲ್ ಎಡವಿ ಪ್ರೊಸೆಸ್ಸನ್ನು ಕೊಂದರೆ, ಸಾಯುವ ಹಾದಿಯಲ್ಲಿ ಅದು ಬಳಕೆದಾರ ಕೊಟ್ಟ ವಿಳಾಸಕ್ಕೆ ಸೊನ್ನೆ ಬರೆಯುತ್ತಿತ್ತು, ಆ ವಿಳಾಸ ಕರ್ನಲ್‌ನದೇ ಆಗಿದ್ದರೂ. ಈ ನಕಲನ್ನು ಇನ್ನಷ್ಟು ಎಚ್ಚರಿಕೆಯಿಂದ ಕಾಯುವ ಬದಲು ಲಿನಕ್ಸ್ ಅದನ್ನು ಕಿತ್ತೇ ಹಾಕಿತು. ಎಕ್ಸ್86ರಲ್ಲಿ 2020ರಲ್ಲಿ, ಉಳಿದೆಡೆ 2022ರ ಹೊತ್ತಿಗೆ. ವಿಂಡೋಸ್‌ನ ಬೈಟ್ ಬಹುಕಾಲ ದಾಳಿಕೋರರ ಮೆಚ್ಚಿನ ಗುರಿಯಾಗಿತ್ತು. ಅದೊಂದನ್ನು ಬದಲಿಸಿದರೆ ಉಳಿದ ಬಾಗಿಲುಗಳು ತಾವಾಗಿ ತೆರೆಯುತ್ತಿದ್ದವು.

ಮೂರನೆಯ ನಕಲಿನ ಅಗತ್ಯ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. 2003ರಲ್ಲಿ ಲಾಸ್ ಅಲಮೋಸ್‌ನ ಪೆಟ್ರಿನಿ, ಕರ್ಬಿಸನ್, ಪಾಕಿನ್ ತಮ್ಮ 8192 ಪ್ರೊಸೆಸರ್‌ಗಳ ಎಎಸ್‌ಸಿಐ ಕ್ಯೂ ಸೂಪರ್‌ಕಂಪ್ಯೂಟರ್ ನಿರೀಕ್ಷೆಗಿಂತ ತೀರಾ ನಿಧಾನವಾಗಿರುವುದೇಕೆ ಎಂದು ಹುಡುಕಿದರು. ಅಪರಾಧಿ, ಅಲ್ಲಲ್ಲಿ ಎದ್ದು ಕ್ಷಣಕಾಲ ಪ್ರೊಸೆಸರ್ ಕಸಿದುಕೊಳ್ಳುತ್ತಿದ್ದ ವ್ಯವಸ್ಥೆಯ ಸಣ್ಣ ಕೆಲಸಗಳು. ಒಂದು ಪ್ರೊಸೆಸರ್ ತಡವಾದರೆ ಉಳಿದವೆಲ್ಲ ಕಾಯುತ್ತವೆ. ಆ ಗದ್ದಲ ತಗ್ಗಿಸಿದಾಗ ಒಂದು ಮುಖ್ಯ ಪ್ರೋಗ್ರಾಮಿನ ವೇಗ ಇಮ್ಮಡಿಯಾಯಿತು. ಹೀಗೆ ಕೆಲಸಕ್ಕೆ ಅಡ್ಡ ಬರುವ ಪ್ರತಿಯೊಂದು ಇಂಟರಪ್ಟ್ ಅನುಮಾನಕ್ಕೆ ಒಳಗಾಯಿತು, ಸೆಕೆಂಡಿಗೆ ನೂರಾರು ಬಾರಿ ಬರುವ ಟಿಕ್ ಕೂಡ. 2007ರಲ್ಲಿ ಲಿನಕ್ಸ್ 2.6.21 ಖಾಲಿ ಕುಳಿತ ಪ್ರೊಸೆಸರ್‌ನ ಟಿಕ್ ನಿಲ್ಲಿಸಿತು. ದುಡಿಯುತ್ತಿರುವ ಪ್ರೊಸೆಸರ್‌ನದನ್ನು ನಿಲ್ಲಿಸುವುದು ಅಷ್ಟು ಸುಲಭವಿರಲಿಲ್ಲ, ಏಕೆಂದರೆ ಆ ಹೊತ್ತಿಗೆ ಟಿಕ್ ಸಮಯದ ಲೆಕ್ಕವನ್ನಷ್ಟೇ ಅಲ್ಲ, ಆರ್‌ಸಿಯುವನ್ನೂ ಹೊತ್ತಿತ್ತು. ಪಾಲ್ ಮೆಕೆನ್ನಿ ಸೀಕ್ವೆಂಟ್ ಕಂಪನಿಯಲ್ಲಿದ್ದಾಗ ರೂಪಿಸಿದ, 2002ರಲ್ಲಿ ಲಿನಕ್ಸ್‌ಗೆ ಸೇರಿದ ಈ ವಿಧಾನದಲ್ಲಿ ಓದುಗರು ಬೀಗ ಹಾಕುವುದಿಲ್ಲ. ಬರೆಯುವವನು ಹಳೆಯ ದತ್ತಾಂಶವನ್ನು ತಕ್ಷಣ ಅಳಿಸದೆ, ಪ್ರತಿ ಪ್ರೊಸೆಸರ್ ಒಮ್ಮೆಯಾದರೂ ಅದನ್ನು ಓದುತ್ತಿರಲು ಸಾಧ್ಯವಿಲ್ಲದ ಸ್ಥಿತಿಗೆ ಬರುವ ತನಕ ಕಾಯುತ್ತಾನೆ. ಯೂಸರ್ ಮೋಡ್ ಅಂಥದ್ದೊಂದು ಸ್ಥಿತಿ. ಟಿಕ್ ಬಂದಾಗ ಅಡ್ಡಿಯಾದದ್ದು ಯೂಸರ್ ಮೋಡ್‌ಗೆ ಎಂದು ಕಂಡರೆ ಆರ್‌ಸಿಯುಗೆ ಅದೇ ಸಾಕ್ಷಿ. ಟಿಕ್ ತೆಗೆದರೆ ಸಾಕ್ಷಿಯೂ ಹೋಯಿತು.

ಫ್ರೆಡೆರಿಕ್ ವೈಸ್‌ಬೆಕರ್ ಹಲವು ಆವೃತ್ತಿಗಳಲ್ಲಿ ಹಂತಹಂತವಾಗಿ ಕಟ್ಟಿ, 2013ರ ಲಿನಕ್ಸ್ 3.10ರಲ್ಲಿ ಪೂರ್ತಿ ಟಿಕ್‌ರಹಿತ ಓಟಕ್ಕೆ ತಲುಪಿಸಿದ ಕಾಂಟೆಕ್ಸ್ಟ್ ಟ್ರ್ಯಾಕಿಂಗ್ ಈ ಕೊರತೆ ತುಂಬಿತು. ಗಡಿ ದಾಟುವಾಗಲೆಲ್ಲ ಪ್ರೊಸೆಸರ್ ತಾನು ಎಲ್ಲಿಗೆ ಹೊರಟೆ ಎಂದು ಬರೆದಿಡುತ್ತದೆ. ಇತರರು ಅದನ್ನು ಎಬ್ಬಿಸದೆಯೇ ಓದಿಕೊಳ್ಳುತ್ತಾರೆ. ಇಲ್ಲಿ ಒಂದು ಆಕ್ಷೇಪ ಕೇಳಿಬರುತ್ತದೆ: ಹಾರ್ಡ್‌ವೇರ್ ಬಿಟ್ ಇದ್ದೇ ಇರುವಾಗ ಈ ಬರಹವೇಕೆ, ಬೇಕಾದಾಗ ಕೇಳಿದರೆ ಸಾಲದೇ? ಸಾಲದು. ಒಂದು ಪ್ರೊಸೆಸರ್‌ನ ರಿಜಿಸ್ಟರನ್ನು ಇನ್ನೊಂದು ನೇರವಾಗಿ ಓದಲಾರದು. ಕೇಳಬೇಕೆಂದರೆ ಇಂಟರಪ್ಟ್ ಕಳಿಸಬೇಕು, ಕಳಿಸಿದರೆ ತಪ್ಪಿಸಬೇಕೆಂದಿದ್ದ ಅಡ್ಡಿಯನ್ನೇ ತಂದಂತಾಯಿತು. ಬರೀ ಸ್ಥಿತಿಯನ್ನು ಬರೆದಿಟ್ಟರೂ ಸಾಲದು ಎಂಬುದು ಇನ್ನೂ ಸೂಕ್ಷ್ಮವಾದ ಮಾತು. ಎರಡು ಬಾರಿ ನೋಡಿದಾಗಲೂ ಪ್ರೊಸೆಸರ್ ಕರ್ನಲ್‌ನಲ್ಲೇ ಕಂಡಿತು ಎಂದಿಟ್ಟುಕೊಳ್ಳಿ. ನಡುವೆ ಅದು ಹೊರಗೆ ಹೋಗಿ ಬಂದಿದ್ದರೆ ಆರ್‌ಸಿಯು ಇನ್ನು ಕಾಯಬೇಕಿಲ್ಲ, ಹೋಗಿರದಿದ್ದರೆ ಕಾಯಲೇಬೇಕು. ಹೀಗಾಗಿ ಆರ್‌ಸಿಯು ಬಳಸುವುದು ಪ್ರತಿ ದಾಟುವಿಕೆಗೂ ಏರುವ ಎಣಿಕೆಯನ್ನು. ಮೊದಲ ನೋಟದ ಅಂಕೆ ಬದಲಾಗಿದ್ದರೆ ಸಾಕು. 2022ರವರೆಗೆ ಈ ಎಣಿಕೆ ಒಂದೆಡೆ, ಸ್ಥಿತಿ ಇನ್ನೊಂದೆಡೆ ಇದ್ದವು. ಲಿನಕ್ಸ್ 6.0 ಎರಡನ್ನೂ ಒಂದೇ ಅಟಾಮಿಕ್ ಪದದೊಳಗೆ ತಂದಿತು. ಒಂದು ನಕಲು ಕಡಿಮೆಯಾಯಿತು.

ಈ ನಕಲು ಸುಳ್ಳಾದರೆ ಆಗುವ ಹಾನಿ ಹಿಂದಿನಂತಲ್ಲ. ಪ್ರೊಸೆಸರ್ ಯೂಸರ್ ಮೋಡ್‌ನಲ್ಲಿದ್ದೂ ಕರ್ನಲ್ ಎಂದು ಬರೆದಿದ್ದರೆ ಆರ್‌ಸಿಯು ಸುಮ್ಮನೆ ಕಾಯುತ್ತದೆ, ಕೊನೆಗೆ ಎಚ್ಚರಿಕೆ ಮುದ್ರಿಸುತ್ತದೆ. ಕರ್ನಲ್‌ನಲ್ಲಿದ್ದೂ ಯೂಸರ್ ಎಂದು ಬರೆದಿದ್ದರೆ, ಓದುತ್ತಿರುವಾಗಲೇ ಕಾಲಡಿಯ ಮೆಮೊರಿ ಬಿಡುಗಡೆಯಾಗುತ್ತದೆ. ಗಡಿ ದಾಟಿದ ಮೇಲೆ ಕೆಲವು ಸೂಚನೆಗಳ ಕಾಲ ಈ ಎರಡನೆಯ ಸ್ಥಿತಿ ಅನಿವಾರ್ಯ: ಬಿಟ್ ಆಗಲೇ ಕರ್ನಲ್ ಎನ್ನುತ್ತದೆ, ನಕಲು ಇನ್ನೂ ತಿದ್ದಿಲ್ಲ. ಆ ಬಿರುಕಿನಲ್ಲಿ ಏನೆಲ್ಲ ನುಸುಳಬಹುದು ಎಂಬುದಕ್ಕೆ ಎಕ್ಸ್86ರ ಸ್ವಾಪ್‌ಜಿಎಸ್ ಹಳೆಯ ಪಾಠ. ಕರ್ನಲ್ ಪ್ರವೇಶಿಸಿದಾಗ ಜಿಎಸ್ ರಿಜಿಸ್ಟರಿನ ನೆಲೆಯನ್ನು ಬಳಕೆದಾರನದರಿಂದ ಕರ್ನಲ್‌ನದಕ್ಕೆ ಬದಲಿಸಬೇಕು, ಆದರೆ ಬಂದದ್ದು ಯೂಸರ್ ಮೋಡ್‌ನಿಂದಾದರೆ ಮಾತ್ರ. ಸಿಸ್ಟಮ್ ಕಾಲ್ ಆಗಿ, ಬದಲಾವಣೆಗೆ ಮುನ್ನ ತಡೆಯಲಾಗದ ಇಂಟರಪ್ಟ್ ಎರಗಿದರೆ ಉಳಿಸಿಟ್ಟ ಮೋಡ್ ಕರ್ನಲ್ ಎನ್ನುತ್ತದೆ, ಜಿಎಸ್ ಮಾತ್ರ ಬಳಕೆದಾರನದೇ. ಅಂಥ ಇಂಟರಪ್ಟ್‌ಗಳ ಹಾದಿಯಲ್ಲಿ ಲಿನಕ್ಸ್ ಮೋಡ್ ಬಿಟ್ ನಂಬದೆ ಜಿಎಸ್‌ನ ನೆಲೆಯನ್ನೇ ಪರೀಕ್ಷಿಸುತ್ತ ಬಂದಿದೆ; ಕೋಡ್‌ನಲ್ಲಿ ಅದಕ್ಕೆ ಪ್ಯಾರನಾಯ್ಡ್ ಎಂದೇ ಹೆಸರು. ಆ ಅತಿಶಂಕೆ ಸಮರ್ಥನೀಯ ಎಂಬುದು 2018ರ ಮೇ ತಿಂಗಳಲ್ಲಿ ಸಾಬೀತಾಯಿತು. ಸ್ಟ್ಯಾಕ್ ಸೆಗ್ಮೆಂಟ್ ತುಂಬುವ ಸೂಚನೆ ತಂದ ಡೀಬಗ್ ಎಕ್ಸೆಪ್ಶನ್ ಒಂದು ಸೂಚನೆಯಷ್ಟು ತಡವಾಗುತ್ತದೆ, ಆ ಮುಂದಿನ ಸೂಚನೆ ಸಿಸ್ಟಮ್ ಕಾಲ್ ಆಗಿದ್ದರೆ ಎಕ್ಸೆಪ್ಶನ್ ಸಿಡಿಯುವುದು ಕರ್ನಲ್‌ನ ಬಾಗಿಲಲ್ಲಿ. ಹಲವು ಪ್ರಮುಖ ಆಪರೇಟಿಂಗ್ ಸಿಸ್ಟಮ್‌ಗಳ ತಯಾರಕರು ಪ್ರೊಸೆಸರ್ ಕೈಪಿಡಿಯ ಈ ಸಾಲುಗಳನ್ನು ಸರಿಯಾಗಿ ಗ್ರಹಿಸಿರಲಿಲ್ಲ, ಎಲ್ಲರೂ ಒಟ್ಟಿಗೇ ತಿದ್ದುಪಡಿ ಹೊರಡಿಸಬೇಕಾಯಿತು.

ಕಾಂಟೆಕ್ಸ್ಟ್ ಟ್ರ್ಯಾಕಿಂಗ್‌ನ ಮೊದಲ ವರ್ಷಗಳಲ್ಲಿ ಈ ಬಿರುಕಿಗೆ ತೇಪೆ ಹಚ್ಚುತ್ತಿದ್ದರು. ಬಿರುಕಿನಲ್ಲಿ ಎಕ್ಸೆಪ್ಶನ್ ಬಂದರೆ ಅದನ್ನು ನಿರ್ವಹಿಸುವ ಪ್ರತಿ ಫಂಕ್ಷನ್ನೂ ಹಿಂದಿನ ಸ್ಥಿತಿಯನ್ನು ನೆನಪಿಟ್ಟು, ಕರ್ನಲ್ ಎಂದು ಬರೆದು, ಹೋಗುವಾಗ ಹಳೆಯದನ್ನು ಮರಳಿಸಬೇಕಿತ್ತು. ಒಬ್ಬರು ಮರೆತರೆ ಮುಗಿಯಿತು. ಪ್ರವೇಶದ ಕೋಡ್ ಆಯಾ ಪ್ರೊಸೆಸರ್ ವಾಸ್ತುವಿಗೆ ಬೇರೆಬೇರೆ, ಹೆಚ್ಚಿನದು ಅಸೆಂಬ್ಲಿಯಲ್ಲಿ. ಪರಿಶೀಲಿಸಬಲ್ಲವರು ಬೆರಳೆಣಿಕೆಯಷ್ಟು ಜನ. 2015ರಲ್ಲಿ ಆಂಡಿ ಲುಟೊಮಿರ್ಸ್ಕಿ ಎಕ್ಸ್86ರ ಪ್ರವೇಶ ಕೋಡ್‌ನ ದೊಡ್ಡ ಭಾಗವನ್ನು ಸಿ ಭಾಷೆಗೆ ತಂದರು. 2020ರಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮತ್ತು ಸಂಗಡಿಗರು ಅದನ್ನು ಬುಡದಿಂದ ಮರುರೂಪಿಸಿ, ಎಲ್ಲ ವಾಸ್ತುಗಳೂ ಬಳಸಬಹುದಾದ ಸಾಮಾನ್ಯ ಪ್ರವೇಶ ಕೋಡ್ ಬರೆದರು. ರಿಸ್ಕ್-ವಿ 2023ರಲ್ಲಿ ಅದಕ್ಕೆ ಬಂತು. ಆ ಮರುರಚನೆಯ ತಿರುಳು ಹೊಸ ನಕಲಲ್ಲ, ಒಂದು ನಿಷೇಧ. ಬಿರುಕಿನಲ್ಲಿ ಓಡುವ ಫಂಕ್ಷನ್‌ಗಳಿಗೆ ನೋಇನ್‌ಸ್ಟ್ರ್ ಎಂಬ ಗುರುತು ಹಚ್ಚಿ ಪ್ರತ್ಯೇಕ ವಿಭಾಗದಲ್ಲಿ ಇಡುತ್ತಾರೆ. ಅಲ್ಲಿ ಟ್ರೇಸಿಂಗ್ ಇಲ್ಲ, ಪ್ರೋಬ್ ಇಲ್ಲ, ಮೆಮೊರಿ ಪರೀಕ್ಷಕಗಳಿಲ್ಲ, ಏಕೆಂದರೆ ಆ ಸಾಧನಗಳಲ್ಲಿ ಕೆಲವು ತಾವೇ ಆರ್‌ಸಿಯುವನ್ನು ನೆಚ್ಚಿಕೊಂಡಿವೆ. ಅಲ್ಲಿಂದ ಹೊರಗಿನ ಫಂಕ್ಷನ್ ಕರೆದರೆ ಆಬ್ಜ್‌ಟೂಲ್ ಎಂಬ ಪರಿಶೀಲಕ ಕಂಪೈಲ್ ಮಾಡುವಾಗಲೇ ದೂರು ಕೊಡುತ್ತದೆ. ಡೆವಲಪರ್‌ಗಳ ಎಚ್ಚರವನ್ನು ನೆಚ್ಚಿದ್ದ ನಿಯಮವೊಂದು ಯಂತ್ರ ಪರೀಕ್ಷಿಸುವ ನಿಯಮವಾಯಿತು. ಇಡೀ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ನನಗೆ ಕಾಣುವುದಿಲ್ಲ.

ಇಷ್ಟೆಲ್ಲ ಖರ್ಚು ಯಾರಿಗಾಗಿ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಪ್ರತಿ ದಾಟುವಿಕೆಗೂ ಅಟಾಮಿಕ್ ಬರಹವೊಂದು ಸೇರುತ್ತದೆ. 2018ರ ಮೆಲ್ಟ್‌ಡೌನ್ ನಂತರ ದೋಷಪೀಡಿತ ಪ್ರೊಸೆಸರ್‌ಗಳು ಗಡಿಯಲ್ಲಿ ಪೇಜ್ ಟೇಬಲನ್ನೇ ಬದಲಿಸಬೇಕಾಗಿ ಬಂದು ಆ ದಾರಿ ಮೊದಲೇ ದುಬಾರಿಯಾಗಿದೆ. ಪದೇಪದೇ ಸಿಸ್ಟಮ್ ಕಾಲ್ ಮಾಡುವ ವೆಬ್ ಸರ್ವರ್‌ಗೆ ಟಿಕ್ ತಪ್ಪಿಸಿ ಸಿಗುವ ಲಾಭಕ್ಕಿಂತ ಗಡಿಯ ಸುಂಕವೇ ಹೆಚ್ಚಾಗುತ್ತದೆ. ಇದು ನಿಜ, ಅದಕ್ಕೇ ಬಳಕೆದಾರನ ಗಡಿಯ ಈ ಬರಹ, ಬೂಟ್ ಮಾಡುವಾಗ ಟಿಕ್‌ರಹಿತ ಪ್ರೊಸೆಸರ್‌ಗಳನ್ನು ಕೇಳಿ ಪಡೆದವರಿಗೆ ಮಾತ್ರ ಚಾಲೂ ಆಗುತ್ತದೆ: ಒಂದು ಪ್ರೊಸೆಸರ್‌ಗೆ ಒಂದೇ ಥ್ರೆಡ್ ಕಟ್ಟಿ, ಗಂಟೆಗಟ್ಟಲೆ ಕರ್ನಲ್ ಕಡೆ ತಲೆಹಾಕದೆ ಓಡಿಸುವವರಿಗೆ. ಆದರೆ ಆಕ್ಷೇಪ ಮರೆಯುವ ಸಂಗತಿಯೊಂದಿದೆ. ಆ ಕೆಲವರಿಗಾಗಿ ಪ್ರವೇಶ ಕೋಡ್‌ಗೆ ಬಂದ ಶಿಸ್ತು ಎಲ್ಲರ ಕರ್ನಲ್‌ನಲ್ಲೂ ಇದೆ. ಟಿಕ್ ಇರುವ ಯಂತ್ರದಲ್ಲೂ ಖಾಲಿ ಪ್ರೊಸೆಸರ್‌ಗೆ ಇಂಟರಪ್ಟ್ ಬಂದಾಗ ಇದೇ ಎಣಿಕೆ, ಇದೇ ಬಿರುಕು.

ಹಾರ್ಡ್‌ವೇರ್ ತಯಾರಕರೂ ಈಚೆಗೆ ಈ ಬಿರುಕನ್ನು ಗಮನಿಸಿದ್ದಾರೆ. 2024ರ ಲಿನಕ್ಸ್ 6.9ರಲ್ಲಿ ಬೆಂಬಲ ಪಡೆದ ಇಂಟೆಲ್‌ನ ಫ್ರೆಡ್ ವ್ಯವಸ್ಥೆಯಲ್ಲಿ ಯೂಸರ್ ಮೋಡ್‌ನಿಂದ ಬಂದದ್ದಕ್ಕೆ ಒಂದು ಬಾಗಿಲು, ಕರ್ನಲ್‌ನಿಂದಲೇ ಬಂದದ್ದಕ್ಕೆ ಇನ್ನೊಂದು. ಜಿಎಸ್ ಬದಲಾವಣೆಯನ್ನು ಪ್ರೊಸೆಸರ್ರೇ ಮಾಡಿಕೊಡುತ್ತದೆ. ಅತಿಶಂಕೆಯ ಹಾದಿ ಅಲ್ಲಿ ಬೇಕಿಲ್ಲ. ಆದರೆ ಪಕ್ಕದ ಪ್ರೊಸೆಸರ್‌ಗೆ ಕಾಣುವ ನಕಲನ್ನು ಫ್ರೆಡ್ ಬರೆಯುವುದಿಲ್ಲ, ಆ ಕೆಲಸ ಈಗಲೂ ಕರ್ನಲ್‌ನದೇ. ಅದರ ಮೇಲಿನ ಹೊರೆ ಏರುತ್ತಲೂ ಇದೆ. 2023ರಿಂದ ಚರ್ಚೆಯಲ್ಲಿರುವ ಪ್ಯಾಚ್‌ಗಳು, ಯೂಸರ್ ಮೋಡ್‌ನಲ್ಲಿರುವ ಪ್ರೊಸೆಸರ್‌ಗೆ ಇಂಟರಪ್ಟ್ ಕಳಿಸುವ ಬದಲು ಮಾಡಬೇಕಾದ ಕೆಲಸವನ್ನು ಅದೇ ಅಟಾಮಿಕ್ ಪದದಲ್ಲಿ ಬಾಕಿ ಎಂದು ಗುರುತಿಟ್ಟು, ಅದು ಮುಂದೆ ಕರ್ನಲ್‌ಗೆ ಬಂದಾಗ ಮಾಡಿಸಲು ಹೊರಟಿವೆ: ಬದಲಾದ ಕರ್ನಲ್ ಕೋಡ್‌ಗೆ ಹೊಂದಿಕೊಳ್ಳುವುದು, ಕರ್ನಲ್ ವಿಳಾಸಗಳ ಹಳೆಯ ಅನುವಾದಗಳನ್ನು ಅವುಗಳ ಸಂಗ್ರಹವಾದ ಟಿಎಲ್‌ಬಿಯಿಂದ ತೆಗೆಯುವುದು. ಬಾಕಿ ತೀರುವ ಮೊದಲು ಓಡುವ ಪ್ರವೇಶ ಕೋಡ್ ಆ ಬದಲಾದ ಸೂಚನೆಯನ್ನಾಗಲಿ ತೆಗೆಯಬೇಕಾದ ಪುಟವನ್ನಾಗಲಿ ಮುಟ್ಟಬಾರದು. ಯಾವ ನೋಇನ್‌ಸ್ಟ್ರ್ ಫಂಕ್ಷನ್ ಯಾವುದನ್ನು ಮುಟ್ಟಬಹುದೆಂದು ಆಬ್ಜ್‌ಟೂಲ್‌ಗೆ ಕಲಿಸುವುದೇ ಆ ಪ್ಯಾಚ್‌ಗಳ ದೊಡ್ಡ ಪಾಲು.